ಎಂಬತ್ತರ ದಶಕದ ಟರ್ಬೊ ಕಾರುಗಳು ನಿಜವಾದ ಮಸಲ್ ಕಾರುಗಳಾ? ಯಾವುದನ್ನು ಒಪ್ಪಬೇಕು, ಯಾವುದನ್ನು ಕೊಳ್ಳಬೇಕು

1987ರ ಜನರಲ್ ಮೋಟರ್ಸ್ ಕಾರುಗಳ ಪಟ್ಟಿ ತೆಗೆದು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಆ ವರ್ಷದ ಶೆವರ್ಲೆ ಕಾರ್ವೆಟ್‌ಗೆ 5.7 ಲೀಟರಿನ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್, 240 ಹಾರ್ಸ್‌ಪವರ್. ಅದೇ ಕಂಪನಿಯ ಬ್ಯೂಕ್ ಗ್ರಾಂಡ್ ನ್ಯಾಷನಲ್‌ಗೆ 3.8 ಲೀಟರಿನ ವಿ6, ಜೊತೆಗೊಂದು ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ), 245 ಹಾರ್ಸ್‌ಪವರ್. ಕಾರ್ವೆಟ್ ಅಂದರೆ ಅಮೆರಿಕದವರು ಎದೆ ಉಬ್ಬಿಸಿ ತೋರಿಸುವ ಸ್ಪೋರ್ಟ್ಸ್ ಕಾರು. ಬ್ಯೂಕ್ ಅಂದರೆ ಡಾಕ್ಟರುಗಳು, ಬ್ಯಾಂಕ್ ಮ್ಯಾನೇಜರುಗಳು, ರಿಟೈರ್ ಆದ ಅಜ್ಜಂದಿರು ಕೊಳ್ಳುತ್ತಿದ್ದ ಮೆತ್ತನೆ ಸೀಟಿನ ಕಾರು. ಆ ಅಜ್ಜನ ಕಾರಿಗೆ ಕಪ್ಪು ಬಣ್ಣ ಬಳಿದು, ಟರ್ಬೊ ಕೂರಿಸಿ, ಮನೆಯ ಹಿರಿಮಗನಿಗಿಂತ ಜಾಸ್ತಿ ಪವರ್ ಕೊಟ್ಟಿದ್ದರು.

ಅಲ್ಲಿಂದ ಶುರುವಾದ ಜಗಳ ಇನ್ನೂ ನಿಂತಿಲ್ಲ. ಮಸಲ್ ಕಾರು ಅಂದರೆ, ಸ್ಥೂಲವಾಗಿ, ಸಾಧಾರಣ ಮೈಯೊಳಗೆ ಮಿತಿಮೀರಿದ ಎಂಜಿನ್ ಇರುವ ಅಮೆರಿಕದ ಕಾರು. ವಿ8 ಇಲ್ಲದ್ದು ಮಸಲ್ ಕಾರೇ ಅಲ್ಲ ಅನ್ನುವವರು ಒಂದು ಕಡೆ. ಸಿಗ್ನಲ್ ಹಸಿರಾದ ಮೇಲೆ ಯಾರು ಮುಂದೆ ಹೋದರು ನೋಡಿ, ಅಷ್ಟೇ ಸಾಕು ಅನ್ನುವವರು ಇನ್ನೊಂದು ಕಡೆ. ನನ್ನ ಪ್ರಕಾರ ಇಬ್ಬರ ಅಳತೆಗೋಲೂ ಸರಿಯಿಲ್ಲ. ಸಿಲಿಂಡರ್ ಎಣಿಸಿದರೆ ಉತ್ತರ ಸಿಗುವುದಿಲ್ಲ. ಬರೀ ಸೆಕೆಂಡು ಎಣಿಸಿದರೂ ಸಿಗುವುದಿಲ್ಲ. ಆ ಪವರನ್ನು ಎಂಥ ಕಾರಿಗೆ, ಯಾರಿಗಾಗಿ, ಎಷ್ಟು ದುಡ್ಡಿಗೆ ಕೊಟ್ಟರು ಅನ್ನುವುದನ್ನು ನೋಡಬೇಕು. ಹಾಗೆ ನೋಡಿದರೆ ಎಂಬತ್ತರ ದಶಕದ ಟರ್ಬೊ ಕಾರುಗಳಲ್ಲಿ ಒಂದು ಪೂರ್ತಿಯಾಗಿ ಮಸಲ್ ಕಾರು, ಒಂದೆರಡು ಅರ್ಧಂಬರ್ಧ, ಉಳಿದವು ಬೇರೆಯೇ ಜಾತಿ.

ಅಳತೆಗೋಲು ಬಂದದ್ದು 1964ರಿಂದ

ಮಸಲ್ ಕಾರಿನ ಕಥೆಯನ್ನು ಜಾಸ್ತಿ ಜನ ಜನರಲ್ ಮೋಟರ್ಸ್‌ನದೇ ಆದ ಪಾಂಟಿಯಾಕ್ ಜಿಟಿಒದಿಂದ ಶುರು ಮಾಡುತ್ತಾರೆ. ಅದಕ್ಕಿಂತ ಮುಂಚೆಯೂ ವೇಗದ ಕಾರುಗಳು ಇದ್ದವು, ನಿಜ. ಆದರೆ ಸೂತ್ರ ಗಟ್ಟಿಯಾದದ್ದು ಅಲ್ಲಿ.

ಆಗ ಜನರಲ್ ಮೋಟರ್ಸ್‌ನಲ್ಲಿ ಒಂದು ನಿಯಮ ಇತ್ತು. ಮಧ್ಯಮ ಗಾತ್ರದ ಕಾರಿಗೆ 330 ಕ್ಯೂಬಿಕ್ ಇಂಚಿಗಿಂತ, ಅಂದರೆ ಸುಮಾರು 5.4 ಲೀಟರಿಗಿಂತ ದೊಡ್ಡ ಎಂಜಿನ್ ಹಾಕುವ ಹಾಗಿಲ್ಲ. ಪಾಂಟಿಯಾಕ್‌ನ ಮುಖ್ಯ ಎಂಜಿನಿಯರ್ ಆಗಿದ್ದ ಜಾನ್ ಡಿಲೋರಿಯನ್ ಮತ್ತು ಅವರ ಜೊತೆಯವರು ದೊಡ್ಡ ಕಾರುಗಳಿಗೆ ಹಾಕುತ್ತಿದ್ದ 389 ಕ್ಯೂಬಿಕ್ ಇಂಚಿನ ವಿ8 ತಂದು ಟೆಂಪೆಸ್ಟ್ ಲಮಾನ್ಸ್ ಅನ್ನುವ ಸಾಧಾರಣ ಕಾರಿನೊಳಗೆ ತುರುಕಿದರು. ನಿಯಮ ಇದ್ದದ್ದು ಮಾಡೆಲ್‌ಗಳಿಗೆ. ಹಾಗಾಗಿ ಇದನ್ನು ಹೊಸ ಮಾಡೆಲ್ ಅನ್ನದೆ 'ಆಪ್ಷನ್ ಪ್ಯಾಕೇಜ್' ಅಂದುಬಿಟ್ಟರು. ಬೆಲೆ ಸುಮಾರು 300 ಡಾಲರ್ ಜಾಸ್ತಿ, ಪವರ್ 325 ಹಾರ್ಸ್‌ಪವರ್. 5 ಸಾವಿರ ಮಾರಿದರೆ ಸಾಕು ಅಂದುಕೊಂಡಿದ್ದರು. ಮೊದಲ ವರ್ಷವೇ 32 ಸಾವಿರ ದಾಟಿತು.

ಈ ಕಥೆಯಿಂದ ನಾಲ್ಕು ಲಕ್ಷಣ ಹೊರಡುತ್ತವೆ. ದಿನನಿತ್ಯದ ಮಧ್ಯಮ ಗಾತ್ರದ ಮೈ. ಆ ಮೈಗೆ ಅಗತ್ಯಕ್ಕಿಂತ ಜಾಸ್ತಿಯಾದ ಎಂಜಿನ್. ಹಿಂದಿನ ಚಕ್ರಕ್ಕೆ ಶಕ್ತಿ ಮತ್ತು ನೇರ ರಸ್ತೆಯ ಮೇಲೆಯೇ ಗಮನ. ಫ್ಯಾಕ್ಟರಿಯಲ್ಲಿ ದುಡಿಯುವ ಹುಡುಗನೂ ಕಂತು ಕಟ್ಟಿ ಕೊಳ್ಳಬಹುದಾದ ಬೆಲೆ. ಈ ಪಟ್ಟಿಯಲ್ಲಿ ವಿ8 ಇಲ್ಲ, ಗಮನಿಸಿ. ಅದು ಆ ಕಾಲದ ಸಾಧನ ಅಷ್ಟೇ. ಪೆಟ್ರೋಲ್ ಗ್ಯಾಲನ್‌ಗೆ 30 ಸೆಂಟಿನ ಆಸುಪಾಸಿನಲ್ಲಿ ಸಿಗುತ್ತಿದ್ದಾಗ ಪವರ್ ಹೆಚ್ಚಿಸಲು ಅತಿ ಅಗ್ಗದ ದಾರಿ ದೊಡ್ಡ ಎಂಜಿನ್ ಆಗಿತ್ತು. ಬೇರೆ ದಾರಿ ಹುಡುಕುವ ತಲೆನೋವು ಯಾರಿಗೂ ಬೇಕಿರಲಿಲ್ಲ.

ಇಲ್ಲಿ ಇನ್ನೊಂದು ಸಣ್ಣ ತಕರಾರು. ಕಟ್ಟುನಿಟ್ಟಿನ ಅಭಿಮಾನಿಗಳು ಫೋರ್ಡ್ ಮಸ್ಟ್ಯಾಂಗ್, ಶೆವರ್ಲೆ ಕಮಾರೊಗಳನ್ನೂ ಮಸಲ್ ಕಾರು ಅನ್ನುವುದಿಲ್ಲ. ಅವು ಮೊದಲಿಂದಲೇ ಸ್ಪೋರ್ಟಿಯಾಗಿ ಕಾಣಲೆಂದು ಮಾಡಿದ ಚಿಕ್ಕ ಕಾರುಗಳು, ಅವಕ್ಕೆ 'ಪೋನಿ ಕಾರು' ಅನ್ನುವ ಬೇರೆ ಹೆಸರೇ ಇದೆ. ಆದ್ದರಿಂದ ಮಸ್ಟ್ಯಾಂಗ್ ಜಿಟಿಯನ್ನು ಒಳಗೆ ಬಿಟ್ಟುಕೊಂಡು ಬ್ಯೂಕನ್ನು ಬಾಗಿಲಲ್ಲೇ ನಿಲ್ಲಿಸುವವರು ಯಾವ ನಿಯಮ ಹಿಡಿದಿದ್ದಾರೆ ಅಂತ ಅವರನ್ನೇ ಕೇಳಬೇಕು.

ದೊಡ್ಡ ಎಂಜಿನ್ ಯಾಕೆ ಹೋಯಿತು, ಟರ್ಬೊ ಯಾಕೆ ಬಂತು

1970 ಈ ಆಟದ ತುತ್ತತುದಿ. ಆ ವರ್ಷದ ಶೆವರ್ಲೆ ಶೆವೆಲ್ ಎಸ್‌ಎಸ್ 454ಕ್ಕೆ ಎಲ್‌ಎಸ್6 ಎಂಜಿನ್ ಹಾಕಿಸಿಕೊಂಡರೆ 450 ಹಾರ್ಸ್‌ಪವರ್. ಆಮೇಲೆ ಒಂದರ ಹಿಂದೆ ಒಂದು ಪೆಟ್ಟು. ವಿಮಾ ಕಂಪನಿಗಳು ಈ ಕಾರುಗಳಿಗೆ ದುಬಾರಿ ಪ್ರೀಮಿಯಂ ಹೇರಿದವು. ಹೊಗೆಯ ಕಾನೂನು ಬಂತು. ಸೀಸ ಕಡಿಮೆ ಇರುವ ಪೆಟ್ರೋಲಿಗೆ ಹೊಂದಿಸಲು 1971ರಲ್ಲಿ ಜನರಲ್ ಮೋಟರ್ಸ್ ತನ್ನ ಎಂಜಿನ್‌ಗಳ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲನ್ನು ಒತ್ತುವ ಪ್ರಮಾಣ) ಇಳಿಸಿತು. 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು. 1975ಕ್ಕೆ ಕಾರ್ವೆಟ್‌ನ ಮಾಮೂಲಿ ಎಂಜಿನ್ 165 ಹಾರ್ಸ್‌ಪವರಿಗೆ ಇಳಿದಿತ್ತು. ಅದೇ ವರ್ಷ ಬಂದ ಇಂಧನ ಕಾನೂನಿನಂತೆ ಪ್ರತಿ ಕಂಪನಿಯ ಸರಾಸರಿ ಮೈಲೇಜು 1978ರಿಂದ ವರ್ಷ ವರ್ಷ ಏರಲೇಬೇಕಿತ್ತು.

ಹಳೇ ಮತ್ತು ಹೊಸ ಅಂಕಿಗಳನ್ನು ಪಕ್ಕಪಕ್ಕ ಇಡುವಾಗ ಒಂದು ಎಚ್ಚರಿಕೆ. 1971ರವರೆಗಿನ ಅಂಕಿಗಳು 'ಗ್ರಾಸ್'. ಎಂಜಿನ್ನನ್ನು ಸ್ಟ್ಯಾಂಡಿನ ಮೇಲಿಟ್ಟು, ಫ್ಯಾನ್, ಆಲ್ಟರ್ನೇಟರ್, ಸೈಲೆನ್ಸರ್ ಎಲ್ಲ ಬಿಚ್ಚಿ ಅಳೆದದ್ದು. 1972ರಿಂದ 'ನೆಟ್' ಬಂತು, ಕಾರಿನಲ್ಲಿ ಕೂರಿಸಿದ ಹಾಗೇ ಎಲ್ಲ ಸಾಮಾನು ಸಮೇತ ಅಳೆಯುವುದು. ಆದ್ದರಿಂದ 1970ರ 450 ಎಲ್ಲಿ, 1987ರ 245 ಎಲ್ಲಿ ಅಂತ ಮೂಗು ಮುರಿಯುವುದು ಸರಿಯಲ್ಲ. ಎರಡೂ ಬೇರೆ ತಕ್ಕಡಿಯಲ್ಲಿ ತೂಗಿದ್ದು.

ಈ ಇಕ್ಕಟ್ಟಿನಲ್ಲಿ ಬ್ಯೂಕ್ ಎಂಜಿನಿಯರುಗಳು ತಮ್ಮ ಹಳೇ ವಿ6 ಕಡೆ ತಿರುಗಿದರು. ಆ ಎಂಜಿನ್ನಿನ ಕಥೆಯೂ ತಮಾಷೆಯದೇ. ಇದು ಬೇಡ ಅಂತ ಬ್ಯೂಕ್ 1967ರಲ್ಲಿ ಅದನ್ನು ತಯಾರಿಸುವ ಯಂತ್ರಗಳನ್ನೆಲ್ಲ ಜೀಪ್ ಕಂಪನಿಗೆ ಮಾರಿತ್ತು. ತೈಲದ ಬಿಕ್ಕಟ್ಟು ಬಂದಾಗ, 1974ರಲ್ಲಿ, ಅದೇ ಯಂತ್ರಗಳನ್ನು ವಾಪಸ್ ಕೊಂಡುಕೊಂಡಿತು. 1976ರ ಇಂಡಿಯಾನಾಪೊಲಿಸ್ 500 ರೇಸಿನ ಪೇಸ್ ಕಾರಿಗೆ (ರೇಸ್ ಶುರುವಾಗುವಾಗ ಎಲ್ಲರ ಮುಂದೆ ಓಡುವ ಕಾರು) ಆ ವಿ6ಗೆ ಟರ್ಬೊ ಹಾಕಿ ತೋರಿಸಿದರು. 1978ರಲ್ಲಿ ಟರ್ಬೊ ವಿ6 ಶೋರೂಮಿಗೆ ಬಂತು. ಆಗಿನ್ನೂ ಕಾರ್ಬುರೇಟರ್ ಇತ್ತು, ಹಾಗಾಗಿ ಅಂಥ ದೊಡ್ಡ ಮಜಾ ಏನೂ ಇರಲಿಲ್ಲ.

ಅಸಲಿ ಬದಲಾವಣೆ ಬಂದದ್ದು ಕಂಪ್ಯೂಟರಿನಿಂದ. 1984ರಲ್ಲಿ ಪ್ರತಿ ಸಿಲಿಂಡರಿಗೂ ಅದರ ಸರದಿ ಬಂದಾಗ ಪೆಟ್ರೋಲ್ ಸಿಂಪಡಿಸುವ ಫ್ಯುಯಲ್ ಇಂಜೆಕ್ಷನ್ ಬಂತು. ಎಂಜಿನ್ 'ನಾಕ್' ಆಗುತ್ತಿದೆ, ಅಂದರೆ ಒಳಗೆ ಪೆಟ್ರೋಲ್ ತಾನಾಗಿ ಸಿಡಿದು ಬಡಿಯುತ್ತಿದೆ ಅಂತ ಸೆನ್ಸರ್ ಹೇಳಿದ ತಕ್ಷಣ ಸ್ಪಾರ್ಕನ್ನು ತಡಮಾಡುವ ವ್ಯವಸ್ಥೆಯೂ ಇತ್ತು. ಇವಿಲ್ಲದಿದ್ದರೆ ಟರ್ಬೊ ಒತ್ತಡ ಏರಿಸಿದಷ್ಟೂ ಪಿಸ್ಟನ್ ಸುಟ್ಟುಹೋಗುವ ಭಯ. 1986ರಲ್ಲಿ ಇಂಟರ್‌ಕೂಲರ್ ಸೇರಿತು. ಟರ್ಬೊ ಒತ್ತಿದ ಗಾಳಿ ಬಿಸಿಯಾಗುತ್ತದೆ, ಬಿಸಿ ಗಾಳಿಯಲ್ಲಿ ಆಮ್ಲಜನಕ ಕಡಿಮೆ, ಅದನ್ನು ತಣಿಸಿ ಒಳಗೆ ಬಿಟ್ಟರೆ ಪವರ್ ಜಾಸ್ತಿ. 1984ರಲ್ಲಿ 200 ಇದ್ದ ಹಾರ್ಸ್‌ಪವರ್ 1986ಕ್ಕೆ 235, 1987ಕ್ಕೆ 245 ಆಯಿತು.

ಬ್ಯೂಕ್ ಗ್ರಾಂಡ್ ನ್ಯಾಷನಲ್: ಪೂರ್ತಿ ಪಾಸು

ನಾಲ್ಕು ಲಕ್ಷಣ ಹಿಡಿದು ಇದನ್ನು ನೋಡಿ. ಮೈ ಬ್ಯೂಕ್ ರೀಗಲ್‌ನದು, ಮಧ್ಯಮ ಗಾತ್ರದ ಎರಡು ಬಾಗಿಲಿನ ಮನೆ ಕಾರು. ಕೆಳಗೆ ಪ್ರತ್ಯೇಕ ಚಾಸಿ ಫ್ರೇಮ್, ಹಿಂದೆ ಗಟ್ಟಿ ಆಕ್ಸಲ್, ಹಿಂದಿನ ಚಕ್ರಕ್ಕೆ ಶಕ್ತಿ. ಅರವತ್ತರ ದಶಕದಲ್ಲಿ ಮಸಲ್ ಕಾರುಗಳನ್ನು ಕಟ್ಟುತ್ತಿದ್ದದ್ದೂ ಹೀಗೆಯೇ. ಬೆಲೆ 15 ಸಾವಿರ ಡಾಲರಿನ ಆಸುಪಾಸು. ಅದೇ ವರ್ಷದ ಕಾರ್ವೆಟ್ ಸುಮಾರು 28 ಸಾವಿರ. 1987 ಒಂದರಲ್ಲೇ 20 ಸಾವಿರಕ್ಕೂ ಜಾಸ್ತಿ ಗ್ರಾಂಡ್ ನ್ಯಾಷನಲ್ ತಯಾರಾದವು. ಇದು ಶ್ರೀಮಂತರ ಆಟಿಕೆಯಂತೂ ಆಗಿರಲಿಲ್ಲ.

ಹಾರ್ಸ್‌ಪವರಿಗಿಂತ ಮುಖ್ಯ ಇದರ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ. 1987ರಲ್ಲಿ 355 ಪೌಂಡ್-ಅಡಿ, ಅದೂ ಕೇವಲ 2,000 ಆರ್‌ಪಿಎಂನಲ್ಲಿ. ಟರ್ಬೊ ಎಂಜಿನ್ ಅಂದರೆ ಕೂಗಾಡಿ ಆರ್‌ಪಿಎಂ ಏರಿಸಿದ ಮೇಲಷ್ಟೇ ಎಳೆಯುತ್ತದೆ ಅನ್ನುವ ಕಲ್ಪನೆ ಹಲವರಿಗಿದೆ. ಇದು ಹಾಗಲ್ಲ. ದೊಡ್ಡ ವಿ8 ಹಾಗೆ ಕೆಳಗಿನಿಂದಲೇ ನೂಕುತ್ತದೆ. ಕಾಲು ಮೈಲಿಯ, ಅಂದರೆ ಸುಮಾರು 402 ಮೀಟರಿನ ಓಟವನ್ನು 14 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುತ್ತಿತ್ತು. 1987ಕ್ಕೆ ಅದು ಅಮೆರಿಕದ ಅತಿ ವೇಗದ ಕಾರುಗಳ ಸಾಲಿನ ಸಮಯ.

ವಿ8 ವಾದಕ್ಕೆ ಉತ್ತರ ಇದರ ಮನೆಯೊಳಗೇ ಇದೆ. ಶೆವರ್ಲೆ ಮಾಂಟೆ ಕಾರ್ಲೊ ಎಸ್‌ಎಸ್ ಇದೇ ಚಾಸಿಯ ಅಣ್ಣತಮ್ಮ. ಅದಕ್ಕೆ 5 ಲೀಟರಿನ ವಿ8, ಹಿಂದಿನ ಚಕ್ರದ ಶಕ್ತಿ, ನಾಸ್ಕಾರ್ ಅನ್ನುವ ಅಮೆರಿಕದ ಕಾರು ರೇಸಿಗೆಂದು ತಿದ್ದಿದ ಮೂತಿ, ಎಲ್ಲ ಇತ್ತು. ಪವರ್ ಮಾತ್ರ 180. ಮೈಗೆ ಮೀರಿದ ಎಂಜಿನ್ ಅನ್ನುವ ಮುಖ್ಯ ಲಕ್ಷಣವೇ ಅಲ್ಲಿ ಇರಲಿಲ್ಲ. ಸಿಲಿಂಡರ್ ಎಣಿಸುವವರ ಲೆಕ್ಕದಲ್ಲಿ ಮಾಂಟೆ ಕಾರ್ಲೊ ಮಸಲ್ ಕಾರು, ಬ್ಯೂಕ್ ಅಲ್ಲ. 1964ರ ಜಿಟಿಒ ಮಾಡಿದವರನ್ನು ಕೇಳಿದ್ದರೆ ಅವರು ಈ ಲೆಕ್ಕ ಒಪ್ಪುತ್ತಿದ್ದರು ಅಂತ ನನಗನ್ನಿಸುವುದಿಲ್ಲ.

ಇನ್ನೊಂದು ಹೋಲಿಕೆ ಬ್ಯೂಕ್‌ನೊಳಗೇ ಇದೆ, ಇದು ನನಗೆ ಇಷ್ಟವಾದದ್ದು. 1970ರ ಬ್ಯೂಕ್ ಜಿಎಸ್‌ಎಕ್ಸ್ ಸ್ಟೇಜ್ 1 ಮಸಲ್ ಕಾರು ಅನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. 7.5 ಲೀಟರಿನ ವಿ8, 510 ಪೌಂಡ್-ಅಡಿ ಟಾರ್ಕ್. ಕಾಲು ಮೈಲಿಗೆ 13 ಚಿಲ್ಲರೆ ಸೆಕೆಂಡು. ಹದಿನೇಳು ವರ್ಷದ ಮೇಲೆ ಅದೇ ಬ್ಯೂಕ್ ಜಿಎನ್‌ಎಕ್ಸ್ ಅನ್ನುವ ಕಾರು ತಂದಿತು. ಅರ್ಧ ಗಾತ್ರದ ಎಂಜಿನ್, ಓಟದ ಸಮಯ ಹೆಚ್ಚುಕಡಿಮೆ ಅಷ್ಟೇ.

ಕೊರತೆ ಇಲ್ಲವೇ? ಇದೆ. ಮೊದಲನೆಯದು ಸದ್ದು. ನಿಂತಾಗ ವಿ8 ಗುಡುಗುಡು ಅನ್ನುವ, ಎದೆಗೆ ಬಡಿಯುವ ಆ ಸದ್ದು ಇದರಲ್ಲಿ ಇಲ್ಲ. ವಿ6ನ ಗೊಗ್ಗರು ದನಿ, ಅದರ ಮೇಲೆ ಟರ್ಬೊದ ಸಿಳ್ಳೆ. ಮಸಲ್ ಕಾರಿನ ಸುಖದಲ್ಲಿ ಅರ್ಧ ಪಾಲು ಕಿವಿಯದು ಅನ್ನುವವರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ. ಎರಡನೆಯದು ಲ್ಯಾಗ್. ಇವತ್ತು ಬೆಂಗಳೂರಿನಲ್ಲಿ ಒಂದು ಲೀಟರಿನ ಟರ್ಬೊ ಪೆಟ್ರೋಲ್ ಕಾರು ಓಡಿಸುವವರಿಗೆ ಇದು ಗೊತ್ತು. ಕಾಲು ಒತ್ತಿದ ಮೇಲೆ ಒಂದು ಕ್ಷಣ ಏನೂ ಆಗುವುದಿಲ್ಲ, ಆಮೇಲೆ ಒಮ್ಮೆಲೇ ಎಳೆಯುತ್ತದೆ. ಗ್ರಾಂಡ್ ನ್ಯಾಷನಲ್‌ನ ಕಂಪ್ರೆಷನ್ 8:1, ಹಾಗಾಗಿ ಒತ್ತಡ ಬರುವವರೆಗೆ ಅದು ನಿಜವಾಗಿಯೂ ಅಜ್ಜನ ಕಾರೇ. ಅದಕ್ಕೇ ಡ್ರ್ಯಾಗ್ ಓಟದವರು (ನಿಂತಲ್ಲಿಂದ ನೇರ ರಸ್ತೆಯ ಓಟ) ಎಡಗಾಲಲ್ಲಿ ಬ್ರೇಕ್ ಗಟ್ಟಿ ಹಿಡಿದು, ಬಲಗಾಲಲ್ಲಿ ಆಕ್ಸಿಲರೇಟರ್ ಒತ್ತಿ, ಮೊದಲೇ ಬೂಸ್ಟ್ (ಟರ್ಬೊ ಒತ್ತಡ) ಕಟ್ಟಿಕೊಂಡು ಆಮೇಲೆ ಬ್ರೇಕ್ ಬಿಡುತ್ತಾರೆ. ಗೇರ್‌ಬಾಕ್ಸ್ ಆಟೊಮ್ಯಾಟಿಕ್ ಆದ್ದರಿಂದ ಇದು ಸುಲಭ. ಮ್ಯಾನ್ಯುಯಲ್ ಗೇರ್ ಬೇಕು ಅನ್ನುವವರಿಗೆ ಇಲ್ಲಿ ಜಾಗವೇ ಇಲ್ಲ, ಕಂಪನಿ ಅದನ್ನು ಕೊಡಲೇ ಇಲ್ಲ.

ಹೆಸರಿನ ಬಗ್ಗೆ ಒಂದು ಮಾತು. 'ಗ್ರಾಂಡ್ ನ್ಯಾಷನಲ್' ಬಂದದ್ದು ನಾಸ್ಕಾರ್ ರೇಸಿನಿಂದ. 1981 ಮತ್ತು 82ರಲ್ಲಿ ಬ್ಯೂಕ್ ಅಲ್ಲಿ ತಯಾರಕರ ಪ್ರಶಸ್ತಿ ಗೆದ್ದಿತ್ತು. 1982ರಲ್ಲಿ ಬಂದ ಮೊದಲ ಗ್ರಾಂಡ್ ನ್ಯಾಷನಲ್‌ಗಳಲ್ಲಿ ಹೆಚ್ಚಿನವಕ್ಕೆ ಟರ್ಬೊವೇ ಇರಲಿಲ್ಲ, ಪವರ್ 125. ಬಣ್ಣವೂ ಕಪ್ಪಲ್ಲ, ಬೂದು. ಬ್ಯಾಡ್ಜ್ ನೋಡಿ ಕಾರು ಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಿ.

ಜಿಎನ್‌ಎಕ್ಸ್: ಪವರ್ ಜಾಸ್ತಿ, ವಾದ ಸ್ವಲ್ಪ ದುರ್ಬಲ

ರೀಗಲ್‌ನ ಈ ಹಿಂದಿನ ಚಕ್ರದ ಮೈ ನಿಲ್ಲುವ ಹೊತ್ತಿಗೆ, 1987ರಲ್ಲಿ, ಬ್ಯೂಕ್ ಮತ್ತು ಎಎಸ್‌ಸಿ-ಮೆಕ್ಲಾರೆನ್ ಅನ್ನುವ ಕಾರು ತಿದ್ದುವ ಕಂಪನಿ ಸೇರಿ 547 ಕಾರುಗಳನ್ನು ವಿಶೇಷವಾಗಿ ಮಾಡಿದರು. ಸೆರಾಮಿಕ್ ಚಕ್ರದ ಹೊಸ ಟರ್ಬೊ, ಇನ್ನೂ ಒಳ್ಳೆಯ ಇಂಟರ್‌ಕೂಲರ್, ತಿದ್ದಿದ ಕಂಪ್ಯೂಟರ್ ಚಿಪ್, ಹಿಂದಿನ ಆಕ್ಸಲ್ ಅಲುಗಾಡದಂತೆ ಹಿಡಿಯುವ ಲ್ಯಾಡರ್ ಬಾರ್, ಸ್ಟೂವರ್ಟ್-ವಾರ್ನರ್ ಮೀಟರುಗಳು. ಅಧಿಕೃತ ಪವರ್ 276. ನಿಜವಾದ ಪವರ್ ಇದಕ್ಕಿಂತ ಜಾಸ್ತಿ ಇತ್ತು ಅಂತ ಅಭಿಮಾನಿಗಳು ಅಂದಿನಿಂದ ಹೇಳುತ್ತಲೇ ಇದ್ದಾರೆ. ಓಟದ ಸಮಯ ನೋಡಿದರೆ ಅವರ ಮಾತನ್ನು ತಳ್ಳಿಹಾಕುವುದು ಕಷ್ಟ.

ಆದರೆ ಬೆಲೆ 29 ಸಾವಿರ ಡಾಲರ್ ದಾಟಿತ್ತು, ಕಾರ್ವೆಟ್‌ಗಿಂತ ಜಾಸ್ತಿ. ಕಟ್ಟಿದ್ದು ಬರೀ 547. ನಾಲ್ಕನೇ ಲಕ್ಷಣ ಇಲ್ಲಿ ಒಡೆಯುತ್ತದೆ. ದೊಡ್ಡ ಹೆಸರಿನ ಕಾರು, ಒಪ್ಪುತ್ತೇನೆ. ಆದರೆ ಮಸಲ್ ಕಾರಿನ ಲೆಕ್ಕದಲ್ಲಿ ನನಗೆ 15 ಸಾವಿರದ ಗ್ರಾಂಡ್ ನ್ಯಾಷನಲ್ ಜಿಎನ್‌ಎಕ್ಸ್‌ಗಿಂತ ಒಂದು ಮೆಟ್ಟಿಲು ಮೇಲೆ ನಿಲ್ಲುತ್ತದೆ. 'ಅರವತ್ತರ ದಶಕದಲ್ಲಿ ಕ್ರೈಸ್ಲರ್‌ನ ಹೆಮಿ ಎಂಜಿನ್ನೂ ದುಬಾರಿಯೇ ಇತ್ತಲ್ಲ' ಅಂತ ಯಾರಾದರೂ ಹೇಳಬಹುದು. ಇತ್ತು. ಆದರೆ ಅದನ್ನು ಬೇಕೆಂದವರು ಯಾವ ಡೀಲರ್ ಹತ್ತಿರವಾದರೂ ಆರ್ಡರ್ ಮಾಡಬಹುದಿತ್ತು.

ಎರಡು ಟರ್ಬೊ ಟ್ರಾನ್ಸ್ ಆಮ್‌ಗಳು

ಟ್ರಾನ್ಸ್ ಆಮ್ ಅಂದರೆ ಪಾಂಟಿಯಾಕ್‌ನ ಪೋನಿ ಕಾರು. ಹೆಸರು ಒಂದೇ, ಕಾರು ಬೇರೆ ಬೇರೆ. ಇವೆರಡನ್ನು ಗುಲಾಬಿ ಈರುಳ್ಳಿ, ಬಿಳಿ ಈರುಳ್ಳಿ ಅಂತ ಒಂದೇ ಬುಟ್ಟಿಗೆ ಹಾಕಬೇಡಿ.

1980–81ರದ್ದು ವಿ8ಗೆ ಟರ್ಬೊ ಹಾಕಿದ ಕಾರು. ಕೇಳಿದರೆ ಬಾಯಲ್ಲಿ ನೀರೂರುತ್ತದೆ, ಅಲ್ವಾ? 4.9 ಲೀಟರ್, ಟರ್ಬೊ, ಬಾನೆಟ್ ಮೇಲೆ ರೆಕ್ಕೆ ಬಿಚ್ಚಿದ ದೊಡ್ಡ ಹಕ್ಕಿಯ ಚಿತ್ರ. ಆದರೆ ಇಂಟರ್‌ಕೂಲರ್ ಇಲ್ಲ, ಇಂಜೆಕ್ಷನ್ ಇಲ್ಲ, ಮ್ಯಾನ್ಯುಯಲ್ ಗೇರ್ ಇಲ್ಲ. ಮೊದಲ ವರ್ಷ ಪವರ್ 210. ಹಿಂದಿನ ವರ್ಷ ಟರ್ಬೊ ಇಲ್ಲದೆ ಬಂದಿದ್ದ 6.6 ಲೀಟರಿನ ಪಾಂಟಿಯಾಕ್ ವಿ8 ಕೊಡುತ್ತಿದ್ದದ್ದು 220. ಸುಮ್ನೆ ವಿ8 ಇದ್ದರೆ ಸಾಲದು, ಸುಮ್ನೆ ಟರ್ಬೊ ಇದ್ದರೂ ಸಾಲದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಚೆಂದದ ಕಾರು, ಆ ಕಾಲದ ನೆನಪಿಗೆ ಇಟ್ಟುಕೊಳ್ಳಬಹುದು. ಸೂತ್ರದ ಪ್ರಕಾರ ಫೇಲು.

1989ರದ್ದು ಇನ್ನೊಂದು ಕಥೆ. ಬ್ಯೂಕ್ ರೀಗಲ್ ನಿಂತ ಮೇಲೆ ಅದರ ಟರ್ಬೊ ವಿ6 ಎಂಜಿನ್ನನ್ನು ಟ್ರಾನ್ಸ್ ಆಮ್‌ನ 20ನೇ ವರ್ಷದ ನೆನಪಿಗೆ ಅದರೊಳಗೆ ಕೂರಿಸಿದರು. ಬಿಳಿ ಬಣ್ಣ, 1,555 ಕಾರುಗಳು, ಕಾಗದದ ಮೇಲೆ 250 ಹಾರ್ಸ್‌ಪವರ್. ಆ ವರ್ಷದ ಇಂಡಿಯಾನಾಪೊಲಿಸ್ 500ರ ಪೇಸ್ ಕಾರೂ ಇದೇ. ಗ್ರಾಂಡ್ ನ್ಯಾಷನಲ್‌ಗಿಂತ ತಗ್ಗು ಮೈ, ಗಾಳಿ ಸೀಳುವ ಆಕಾರ, ತಿರುವಿನಲ್ಲೂ ರಸ್ತೆ ಬಿಡುವುದಿಲ್ಲ. ಓಡಿಸಲು ಬ್ಯೂಕ್‌ಗಿಂತ ಒಳ್ಳೆಯ ಕಾರು ಅಂತಲೇ ಹೇಳಬೇಕು. ಪೋನಿ ಕಾರನ್ನು ಮಸಲ್ ಅನ್ನುವ ಮನಸ್ಸಿದ್ದರೆ ಇದೂ ಮಸಲ್. ನಾನು ಒಂದು ಅಡಿ ಹಿಂದೆ ನಿಲ್ಲುತ್ತೇನೆ. ಇದು ತನ್ನ ಶಕ್ತಿಯನ್ನು ಬಚ್ಚಿಡುವುದಿಲ್ಲ, ನೋಡಿದ ಕೂಡಲೇ ಗೊತ್ತಾಗುತ್ತದೆ.

ಮಸ್ಟ್ಯಾಂಗ್ ಎಸ್‌ವಿಒ: ಒಳ್ಳೆಯ ಕಾರು, ಬೇರೆ ಜಾತಿ

ಫೋರ್ಡ್ 1984ರಲ್ಲಿ ಒಂದೇ ಶೋರೂಮಿನಲ್ಲಿ ಎರಡು ಮಸ್ಟ್ಯಾಂಗ್ ನಿಲ್ಲಿಸಿತು. ಒಂದು ಜಿಟಿ, 4.9 ಲೀಟರಿನ ವಿ8. ಅದನ್ನು ಎಲ್ಲರೂ '5.0' ಅಂತಲೇ ಕರೆಯುತ್ತಾರೆ. ಇನ್ನೊಂದು ಎಸ್‌ವಿಒ, 2.3 ಲೀಟರಿನ ನಾಲ್ಕು ಸಿಲಿಂಡರ್, ಟರ್ಬೊ ಮತ್ತು ಇಂಟರ್‌ಕೂಲರ್. ಎರಡಕ್ಕೂ 175 ಹಾರ್ಸ್‌ಪವರ್. ಆದರೆ ಎಸ್‌ವಿಒ ಬೆಲೆ 15 ಸಾವಿರ ದಾಟಿತ್ತು, ಜಿಟಿ ಅದಕ್ಕಿಂತ ಸಾವಿರಾರು ಡಾಲರ್ ಅಗ್ಗ.

ಜಾಸ್ತಿ ದುಡ್ಡಿಗೆ ಏನು ಸಿಗುತ್ತಿತ್ತು? ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಹೊಂದಿಸಬಹುದಾದ ಕೋನಿ ಶಾಕ್ ಅಬ್ಸಾರ್ಬರ್, ಮೂತಿಯ ಮೇಲೆ ಕಡಿಮೆ ಭಾರ, ಒಂದು ಪಕ್ಕಕ್ಕೆ ಸರಿದ ಬಾನೆಟ್ ಸ್ಕೂಪ್. ಹಾಕಿದ ಪೆಟ್ರೋಲ್ ಮಾಮೂಲಿಯೋ ಪ್ರೀಮಿಯಮ್ಮೋ ಅಂತ ಹೇಳಲು ಡ್ಯಾಶ್‌ಬೋರ್ಡ್ ಮೇಲೆ ಒಂದು ಸ್ವಿಚ್ ಬೇರೆ. 1985ರ ಮಧ್ಯದಲ್ಲಿ ಪವರ್ 205ಕ್ಕೆ ಏರಿತು. ತಿರುವಿನ ರಸ್ತೆಯಲ್ಲಿ ಜಿಟಿಗಿಂತ ಇದೇ ಮೇಲು.

ಇದನ್ನು ಮಾಡಿದವರ ಕಣ್ಣು ಇದ್ದದ್ದು ಯುರೋಪಿನ ಕಾರುಗಳ ಮೇಲೆ, ಡ್ರ್ಯಾಗ್ ಸ್ಟ್ರಿಪ್ ಮೇಲಲ್ಲ. ಕೊಳ್ಳುವವರಿಗೆ ಅದು ಬೇಕಿರಲಿಲ್ಲ. ಮೂರು ವರ್ಷದಲ್ಲಿ ಮಾರಿದ್ದು 9,844. ಜಿಟಿಗೆ 1987ರಲ್ಲಿ 225 ಹಾರ್ಸ್‌ಪವರ್ ಬಂದಾಗ ಎಸ್‌ವಿಒ ಆಗಲೇ ನಿಂತುಹೋಗಿತ್ತು. ಇದನ್ನು ಮಸಲ್ ಕಾರು ಅಂದರೆ ಅದಕ್ಕೆ ಮರ್ಯಾದೆ ಕೊಟ್ಟ ಹಾಗಲ್ಲ, ಅದರ ನಿಜವಾದ ಗುಣವನ್ನು ಮುಚ್ಚಿಟ್ಟ ಹಾಗೆ.

ಇದೇ ಎಂಜಿನ್ನಿನ ಥಂಡರ್‌ಬರ್ಡ್ ಟರ್ಬೊ ಕೂಪ್ ಕೂಡ ಇತ್ತು. 1987ರಲ್ಲಿ ಅದಕ್ಕೂ ಇಂಟರ್‌ಕೂಲರ್ ಬಂದು 190 ಹಾರ್ಸ್‌ಪವರ್ ಆಯಿತು. ದೂರದ ಊರಿಗೆ ಆರಾಮಾಗಿ ಹೋಗಿಬರುವ ಕಾರು. ಈ ಚರ್ಚೆಗೆ ಅಷ್ಟೇ ಸಾಕು.

ಶೆಲ್ಬಿಯ ಡಾಡ್ಜ್‌ಗಳು

ಕ್ಯಾರೊಲ್ ಶೆಲ್ಬಿ ಅರವತ್ತರ ದಶಕದಲ್ಲಿ ಕೋಬ್ರಾ ಅನ್ನುವ ಸ್ಪೋರ್ಟ್ಸ್ ಕಾರು ಕಟ್ಟಿದವರು. ಎಂಬತ್ತರ ದಶಕದಲ್ಲಿ ಕ್ರೈಸ್ಲರ್ ಜೊತೆ ಸೇರಿ ಪುಟ್ಟ ಡಾಡ್ಜ್ ಓಮ್ನಿಗೆ ಕೈ ಹಾಕಿದರು. 1986ರ ಜಿಎಲ್‌ಎಚ್‌ಎಸ್‌ಗೆ 2.2 ಲೀಟರಿನ ಟರ್ಬೊ, 175 ಹಾರ್ಸ್‌ಪವರ್, ಒಟ್ಟು 500 ಕಾರು. ತೂಕ ಕಡಿಮೆ, ಹಾಗಾಗಿ ತನ್ನ ಎರಡರಷ್ಟು ದೊಡ್ಡ ಎಂಜಿನ್ನಿನ ಕಾರುಗಳಿಗೂ ಬೆವರಿಳಿಸುತ್ತಿತ್ತು. ಆದರೆ ಶಕ್ತಿ ಮುಂದಿನ ಚಕ್ರಕ್ಕೆ. ಬೂಸ್ಟ್ ಬಂದ ಕೂಡಲೇ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಪಕ್ಕಕ್ಕೆ ಎಳೆಯುತ್ತದೆ. ಮಜಾ ಇದೆ, ಬೆಲೆಯೂ ಅಗ್ಗವಿತ್ತು, ತುಂಟತನವೂ ಮಸಲ್ ಕಾರಿನದೇ. ಆದರೂ ಇದು ಹಾಟ್ ಹ್ಯಾಚ್, ಅಂದರೆ ಪವರ್ ತುಂಬಿದ ಪುಟ್ಟ ಹ್ಯಾಚ್‌ಬ್ಯಾಕ್. ಹಿಂದಿನ ಚಕ್ರ ಹೊಗೆ ಎಬ್ಬಿಸದ ಮಸಲ್ ಕಾರನ್ನು ಒಪ್ಪಿಕೊಳ್ಳುವಷ್ಟು ಉದಾರ ಮನಸ್ಸು ನನ್ನದಲ್ಲ.

ಕೊಳ್ಳುವುದಾದರೆ

ಇವೆಲ್ಲ ಎಡಗೈ ಸ್ಟೀರಿಂಗಿನ ಅಮೆರಿಕದ ಕಾರುಗಳು. ಹಾಗಾಗಿ ಮುಂದಿನ ಮಾತು ಅಲ್ಲೇ ಇರುವ, ಮನೆಯ ಗ್ಯಾರೇಜಿನಲ್ಲಿ ಒಂದು ಜಾಗ ಖಾಲಿ ಇರುವ ಕನ್ನಡಿಗರಿಗೆ.

ಸದ್ದು ಮುಖ್ಯ, ಬಿಡಿಭಾಗ ಸುಲಭವಾಗಿ ಸಿಗಬೇಕು, ಮ್ಯಾನ್ಯುಯಲ್ ಗೇರ್ ಬೇಕು ಅಂದರೆ ಟರ್ಬೊ ಕಡೆ ನೋಡಲೇಬೇಡಿ. 1987ರಿಂದ ಮುಂದಿನ ಮಸ್ಟ್ಯಾಂಗ್ 5.0 ತೆಗೆದುಕೊಳ್ಳಿ. ವಾರಾಂತ್ಯಕ್ಕೆ ಬೆಟ್ಟದ ರಸ್ತೆ ಹಿಡಿಯುವವರಿಗೆ ಎಸ್‌ವಿಒ. ಅದಕ್ಕೆ ಇವತ್ತಿಗೂ ಬ್ಯೂಕ್‌ನಷ್ಟು ಬೆಲೆ ಏರಿಲ್ಲ. ಆದರೆ ಎಸ್‌ವಿಒಗೇ ಸೀಮಿತವಾದ ಭಾಗಗಳನ್ನು ಹುಡುಕುವ ತಾಳ್ಮೆ ಬೇಕು. ಜಿಎನ್‌ಎಕ್ಸ್ ಒಂದು ಲಕ್ಷ ಡಾಲರ್ ದಾಟಿ ಎಷ್ಟೋ ಕಾಲವಾಯಿತು. ಅದನ್ನು ಕೊಂಡವರು ಓಡಿಸುವುದಕ್ಕಿಂತ ಹೊದಿಕೆ ಹಾಕಿ ನಿಲ್ಲಿಸುವುದೇ ಜಾಸ್ತಿ.

ಮಸಲ್ ಕಾರೇ ಬೇಕು, ಅದು ಟರ್ಬೊವೇ ಆಗಿರಬೇಕು ಅನ್ನುವವರಿಗೆ 1986 ಅಥವಾ 1987ರ ಬ್ಯೂಕ್. ಇಲ್ಲಿ ನನ್ನ ಆಯ್ಕೆ ಗ್ರಾಂಡ್ ನ್ಯಾಷನಲ್ ಅಲ್ಲ, ಅದರ ಪಕ್ಕದಲ್ಲೇ ಮಾರುತ್ತಿದ್ದ ಟರ್ಬೊ-ಟಿ (1986ರಲ್ಲಿ ಇದರ ಹೆಸರು ಟಿ-ಟೈಪ್). ಅದೇ ಎಂಜಿನ್, ಅದೇ ಇಂಟರ್‌ಕೂಲರ್, ಅದೇ ಗೇರ್‌ಬಾಕ್ಸ್. ಕಪ್ಪು ವೇಷ ಇಲ್ಲ. ಕೆಲವು ಬಿಳಿ, ಕೆಲವು ಕೆಂಪು. 1987ರಲ್ಲಿ ಮಾಮೂಲಿ ರೀಗಲ್ ಲಿಮಿಟೆಡ್‌ಗೂ ಈ ಎಂಜಿನ್ ಹಾಕಿಸಿಕೊಳ್ಳಬಹುದಿತ್ತು, ಮೆತ್ತನೆ ವೆಲ್ವೆಟ್ ಸೀಟಿನ ಸಮೇತ. ಸಾಧಾರಣ ಮೈಯೊಳಗೆ ಮಿತಿಮೀರಿದ ಎಂಜಿನ್ ಅನ್ನುವ ಜಿಟಿಒ ಸೂತ್ರಕ್ಕೆ ಇಷ್ಟು ಹತ್ತಿರದ ಕಾರು ಆ ದಶಕದಲ್ಲಿ ಇನ್ನೊಂದಿಲ್ಲ.

ಕೊಳ್ಳುವ ಮುಂಚೆ ನೋಡಬೇಕಾದ್ದು ಸುಮಾರಿದೆ. ಮಾಮೂಲಿ ರೀಗಲ್‌ಗೆ ಕಪ್ಪು ಬಣ್ಣ ಬಳಿದು ಗ್ರಾಂಡ್ ನ್ಯಾಷನಲ್ ಅಂತ ಮಾರುವವರು ಇದ್ದಾರೆ. 1986–87ರ ಅಸಲಿ ಟರ್ಬೊ ಕಾರಿನ ವಿನ್ ನಂಬರಿನ (ಪ್ರತಿ ಕಾರಿಗೂ ಕಂಪನಿ ಕೊಡುವ ಗುರುತಿನ ಸಂಖ್ಯೆ) ಎಂಟನೇ ಅಕ್ಷರ 7 ಆಗಿರಬೇಕು. ಡಿಕ್ಕಿಯಲ್ಲಿ ಅಂಟಿಸಿರುವ ಕೋಡ್‌ಗಳ ಚೀಟಿಯಲ್ಲಿ ಡಬ್ಲ್ಯುಇ2 ಇದ್ದರೆ ಗ್ರಾಂಡ್ ನ್ಯಾಷನಲ್. ಚೀಟಿ ಕಿತ್ತುಹೋಗಿದೆ ಅಂದರೆ ಬೆಲೆ ಇಳಿಸಿ ಮಾತಾಡಿ, ಇಲ್ಲವೇ ಮುಂದಿನ ಕಾರು ನೋಡಿ.

ಎಂಜಿನ್ ವಿಷಯಕ್ಕೆ ಬಂದರೆ, ಈ ಕಾರುಗಳನ್ನು ಮುಟ್ಟದೆ ಬಿಟ್ಟ ಹಳೇ ಮಾಲೀಕರು ಕಡಿಮೆ. ಒಂದು ಚಿಪ್ ಬದಲಿಸಿ, ಬೂಸ್ಟ್ ಸ್ವಲ್ಪ ಏರಿಸಿದರೆ ಪವರ್ ಸಿಗುವಾಗ ಯಾರು ಸುಮ್ಮನಿರುತ್ತಾರೆ? ಅದರ ಬಿಲ್ಲು ಹೆಡ್ ಗ್ಯಾಸ್ಕೆಟ್ ಕಟ್ಟುತ್ತದೆ. ಯಾವ ಪೆಟ್ರೋಲ್ ಹಾಕುತ್ತಿದ್ದರು, ಬೂಸ್ಟ್ ಎಷ್ಟಕ್ಕೆ ಇಟ್ಟಿದ್ದರು, ಆಯಿಲ್ ಎಷ್ಟಕ್ಕೊಮ್ಮೆ ಬದಲಿಸಿದರು ಅಂತ ನೇರವಾಗಿ ಕೇಳಿ. ಕೂಲಂಟ್ ಮುಚ್ಚಳದ ಒಳಗೆ ಕಾಫಿ ಬಣ್ಣದ ಕೆಸರು ಕಂಡರೆ ಅಲ್ಲಿಗೇ ನಿಲ್ಲಿಸಿ. ಬ್ರೇಕಿಗೆ ಇವರು ವಿದ್ಯುತ್ ಪಂಪಿನಿಂದ ನಡೆಯುವ ಪವರ್‌ಮಾಸ್ಟರ್ ಅನ್ನುವ ವ್ಯವಸ್ಥೆ ಹಾಕಿದ್ದರು. ಅದು ಕೈಕೊಡುವುದಕ್ಕೆ ಹೆಸರುವಾಸಿ, ಅದಕ್ಕೇ ಹಲವರು ಅದನ್ನು ತೆಗೆದು ಬೇರೆ ಬೂಸ್ಟರ್ ಹಾಕಿಸಿದ್ದಾರೆ. ಹಾಗೆ ಬದಲಿಸಿದ ಕಾರನ್ನು 'ಒರಿಜಿನಲ್ ಅಲ್ಲ' ಅಂತ ಬಿಡಬೇಡಿ. ಮ್ಯೂಸಿಯಮ್ಮಿಗೆ ಕೊಳ್ಳುತ್ತಿಲ್ಲವಾದರೆ ಅದೇ ಒಳ್ಳೆಯದು.

ಮಿಷಿಗನ್, ಒಹಾಯೊ ಕಡೆಯ ಕಾರಾದರೆ ಮೊದಲು ಕೆಳಗೆ ಬಗ್ಗಿ ನೋಡಿ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಹಿಂದಿನ ಚಕ್ರದ ಹತ್ತಿರದ ಫ್ರೇಮನ್ನು ತಿಂದುಹಾಕುತ್ತದೆ. ಮೇಲಿನ ಕಪ್ಪು ಬಣ್ಣ ಫಳಫಳ ಅನ್ನುತ್ತಿದ್ದರೂ ಒಳಗೆ ಸ್ಕ್ರೂಡ್ರೈವರ್ ಚುಚ್ಚಿದರೆ ತೂರಿಹೋಗುವಂಥ ಕಾರುಗಳಿವೆ. ಎತ್ತುವ ಛಾವಣಿಯ, ಅಂದರೆ ಟಿ-ಟಾಪ್ ಕಾರಾದರೆ ಕಾಲಡಿಯ ಮ್ಯಾಟ್ ಎತ್ತಿ ತೇವ ಇದೆಯಾ ನೋಡಿ. ಅರಿಜೋನ, ಕ್ಯಾಲಿಫೋರ್ನಿಯಾ ಕಡೆಯ ಕಾರಿಗೆ ಸಾಗಣೆ ಖರ್ಚು ಸೇರಿಸಿ ಒಂದೆರಡು ಸಾವಿರ ಡಾಲರ್ ಜಾಸ್ತಿ ಆದರೂ ಕೊಡಿ. ಬಿಸಿಲಿಗೆ ಡ್ಯಾಶ್‌ಬೋರ್ಡ್ ಬಿರುಕು ಬಿಟ್ಟಿರಬಹುದು, ಬಣ್ಣ ಮಾಸಿರಬಹುದು. ಅವನ್ನು ಸರಿ ಮಾಡಿಸುವುದು ಫ್ರೇಮ್ ಬದಲಿಸುವುದಕ್ಕಿಂತ ಎಷ್ಟೋ ಅಗ್ಗ.